ಮಿಸ್ ಉಪ್ಪು ಬಿಟ್ಟ ಹದಿಮೂರು ದಿನ

ಹೋದ ತಿಂಗಳು ನಮ್ಮ ಮನೆಯವರಿಗೆ ಬಿಪಿ ಇದೆ ಅಂತ ಗೊತ್ತಾಯಿತು. ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟು, ಊಟದಲ್ಲಿ ಉಪ್ಪು ಕಡಿಮೆ ಮಾಡಿ ಅಂದರು. ಮನೆಗೆ ಬಂದವಳೇ ಒಂದು ಸೋರೆಕಾಯಿ ಹೆಚ್ಚಿ, ಉಪ್ಪು ಹಾಕದೆ ಬೇಯಲು ಇಟ್ಟೆ. ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಬಂತು. ಉಪ್ಪು ಹಾಕಿದರೂ ಬಿಟ್ಟರೂ ಸೋರೆಕಾಯಿಯ ವಾಸನೆ ಒಂದೇ ಅಂತ ಯಾರಾದರೂ ಹೇಳಬಹುದು. ನನಗೆ ಹಾಗಲ್ಲ. ಸಪ್ಪೆ ಸೋರೆಕಾಯಿಯ ಆ ಹಸಿ ವಾಸನೆ ಒಂದು ಬೇಸಿಗೆಯಲ್ಲಿ ನನ್ನ ಬಟ್ಟೆಗೂ ಹತ್ತಿಕೊಂಡಿತ್ತು. ಒಲೆ ಆರಿಸಿ, ಅಡುಗೆ ಕಟ್ಟೆಗೆ ಒರಗಿಕೊಂಡೆ. ಮಿಸ್ ನೆನಪಾದರು...

ಮಿಸ್ ಅಂದರೆ ನನಗೆ ಹೊಲಿಗೆ ಕಲಿಸಿದವರು. ವಿಜಯನಗರದಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಒಂದು ಕಟ್ಟಡದ ಮೊದಲನೇ ಮಹಡಿಯಲ್ಲಿ ಕ್ಲಾಸ್ ನಡೆಸುತ್ತಿದ್ದರು. ಮುಂದಿನ ದೊಡ್ಡ ರೂಮಿನಲ್ಲಿ ಆರು ಮಿಷನ್ನು, ಹಿಂದಿನ ಎರಡು ಕೋಣೆಗಳಲ್ಲಿ ಅವರ ವಾಸ. ಮದುವೆಯಾಗಿರಲಿಲ್ಲ. ಆಗ ಅವರಿಗೆ ಐವತ್ತು ದಾಟಿತ್ತು ಅಂತ ಕಾಣುತ್ತದೆ. ದಪ್ಪಗಿದ್ದರು, ನಿಧಾನವಾಗಿ ನಡೆಯುತ್ತಿದ್ದರು, ಮಾತು ಮಾತ್ರ ಚುರುಕು. ಅವರ ಬೆರಳುಗಳು ಯಾವಾಗಲೂ ಸಣ್ಣಗೆ ನಡುಗುತ್ತಿದ್ದವು. ಹೊಸದಾಗಿ ಬಂದವರು ಅದನ್ನು ನೋಡಿ, ಇವರು ಏನು ಹೊಲಿದಾರು ಅಂದುಕೊಳ್ಳುತ್ತಿದ್ದರು. ಆದರೆ ಬಟ್ಟೆ ಮುಟ್ಟಿದ ತಕ್ಷಣ ಆ ಬೆರಳು ನಿಲ್ಲುತ್ತಿತ್ತು. ಕನ್ನಡಕ ಹಾಕದೆಯೂ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದರು.

ಮಗಳನ್ನು ಎಲ್‌ಕೆಜಿಗೆ ಬಿಟ್ಟು ನಾನು ಅವರ ಹತ್ತಿರ ಹೋಗುತ್ತಿದ್ದೆ. ಕಲಿತು ಮುಗಿದ ಮೇಲೂ ಹೋಗುವುದು ನಿಲ್ಲಲಿಲ್ಲ. ಅವರ ಕೆಲಸದಲ್ಲಿ ಅರ್ಧ ನಾನು ಮಾಡುತ್ತಿದ್ದೆ, ಮಧ್ಯಾಹ್ನ ಅಲ್ಲೇ ಊಟ. ಒಂದು ದಿನ ಗುಂಡಿಗಳ ಡಬ್ಬಿಯಲ್ಲಿ ಹುಕ್ಕು ಹುಡುಕುವಾಗ ಮಾತ್ರೆಯ ಪಟ್ಟಿಯೊಂದು ಕೈಗೆ ಸಿಕ್ಕಿತು. ನಾನು ಏನೂ ಕೇಳದಿದ್ದರೂ ಅವರೇ ಹೇಳಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರಿಗೆ ತಲೆ ಕೈಬಿಟ್ಟು ಓಡಿತ್ತಂತೆ. ವಾರಗಟ್ಟಲೆ ನಿದ್ದೆ ಇಲ್ಲ, ಬಾಯಿ ಮುಚ್ಚದ ಮಾತು. ತಾಯಿಯ ಸೀರೆಗಳನ್ನೆಲ್ಲ ರಸ್ತೆಯಲ್ಲಿ ಹೋಗುವವರಿಗೆ ಹಂಚಿದ್ದರಂತೆ. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ಆಗ ಶುರುವಾದ ಮಾತ್ರೆ ಅದು, ಲಿಥಿಯಂ. ಅದಾದ ಮೇಲೆ ಒಂದು ಸಲವೂ ಕಾಯಿಲೆ ತಿರುಗಿ ಬಂದಿರಲಿಲ್ಲ.

"ಇದೂ ಒಂದು ಥರ ಉಪ್ಪೇ ಕಣೇ, ನೆಲದಿಂದ ತೆಗೀತಾರಂತೆ. ಇಷ್ಟು ವರ್ಷ ನನ್ನ ತಲೆ ಕಾದಿರೋದು ಇದೇ," ಅಂದರು. ನಿನಗೆ ಬಿಟ್ಟರೆ ಈ ಏರಿಯಾದಲ್ಲಿ ಯಾರಿಗೂ ಗೊತ್ತಿಲ್ಲ ಅಂತಲೂ ಸೇರಿಸಿದರು. ಮೊದಲು ನೋಡುತ್ತಿದ್ದ ಡಾಕ್ಟರು ತೀರಿಕೊಂಡಿದ್ದರು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ತಂದುಕೊಳ್ಳುತ್ತಿದ್ದರು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕಾಗಿತ್ತು, ಅದನ್ನು ಬಿಟ್ಟು ಎರಡು ವರ್ಷವಾಗಿತ್ತು. ಚೆನ್ನಾಗೇ ಇದ್ದೀನಲ್ಲ ಅನ್ನುತ್ತಿದ್ದರು.

ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಹೆರಿಗೆಯ ನಂತರ ಬಂದಿದ್ದ ನನ್ನ ಮೈ ಇಳಿದೇ ಇರಲಿಲ್ಲ. ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪ್ರಕೃತಿ ಚಿಕಿತ್ಸೆಯ ಶಿಬಿರ ನಡೆದಾಗ ಸೇರಿದೆ. ಇಪ್ಪತ್ತೊಂದು ದಿನ ಉಪ್ಪು ಬಿಡಬೇಕು, ಬೇಯಿಸಿದ ತರಕಾರಿ, ಹಣ್ಣು, ಬೆಳಿಗ್ಗೆ ನಡಿಗೆ. ನನಗೆ ಅದು ಒಗ್ಗಿತು. ಮೈ ಹಗುರವಾಯಿತು. ಅಷ್ಟಕ್ಕೇ ನಾನು ಎಲ್ಲ ಬಲ್ಲವಳಾಗಿಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಮತ್ತೆ ಶಿಬಿರ ಬಂದಾಗ ಹೆಸರು ಬರೆಸುವ ಟೇಬಲ್ಲಿನಲ್ಲಿ ನನ್ನನ್ನೇ ಕೂರಿಸಿದರು. ಬೀದಿಯ ಆರು ಜನ ಹೆಂಗಸರನ್ನು ಸೇರಿಸಿದ್ದೆ. ಏಳನೆಯವರು ಮಿಸ್.

ಅವರಿಗೆ ಮನಸ್ಸಿರಲಿಲ್ಲ. ನಾನು ಬಿಡಲಿಲ್ಲ. ಅವರ ಕಾಲು ಸಂಜೆ ಹೊತ್ತಿಗೆ ಊದುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹುಡುಗಿಯರು ಅವರ ನಡಿಗೆಯನ್ನು ಅಣಕಿಸುವುದನ್ನು ನಾನು ನೋಡಿದ್ದೆ. ನಿಮ್ಮ ಒಳ್ಳೆಯದಕ್ಕೇ ಹೇಳ್ತಿದೀನಿ ಅಂತ ದಿನವೂ ಪೀಡಿಸಿದೆ. ಕೊನೆಗೆ, ಆಯ್ತು ಬಿಡೇ ಮಾರಾಯ್ತಿ, ಬರ್ತೀನಿ ಅಂದರು.

ಶಿಬಿರ ನಡೆಸುತ್ತಿದ್ದವರು ಕೆಟ್ಟವರಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅವರು ಕೊಟ್ಟ ಫಾರಂನಲ್ಲೇ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿತ್ತು. ಮಾತ್ರೆ ತಿನ್ನುವವರು ತಮ್ಮ ಡಾಕ್ಟರನ್ನು ಕೇಳದೆ ಉಪ್ಪು ಬಿಡಬಾರದು ಅಂತ ಮೊದಲ ದಿನ ಮೈಕಿನಲ್ಲೂ ಹೇಳಿದ್ದರು. ಆ ಫಾರಂ ತುಂಬುತ್ತಿದ್ದವಳು ನಾನು. ಮಿಸ್ ನನ್ನ ಮುಂದೆ ಕೂತಿದ್ದರು. ಅವರ ಹಿಂದೆ ನಮ್ಮ ಬೀದಿಯ ಹೆಂಗಸರು ಸಾಲಾಗಿ ನಿಂತಿದ್ದರು. ಆ ಪ್ರಶ್ನೆ ಬಂದಾಗ ಮಿಸ್ ಮುಂದಕ್ಕೆ ಬಗ್ಗಿ, ಮೆಲ್ಲಗೆ ಕೇಳಿದರು.

"ಅದನ್ನ ಬರೀಬೇಕೇನೇ? ಉಪ್ಪಿನ ವಿಷಯ ಆ ಡಾಕ್ಟರು ಏನೋ ಹೇಳಿದ್ರು... ಮರೆತೇ ಹೋಗಿದೆ."

"ಎಲ್ಲಾ ಡಾಕ್ಟರೂ ಉಪ್ಪು ಕಮ್ಮಿ ಮಾಡಿ ಅಂತಾನೇ ಹೇಳೋದು ಮಿಸ್," ಅಂದೆ. "ಅದು ತಲೆ ಮಾತ್ರೆ. ಇದಕ್ಕೂ ಅದಕ್ಕೂ ಏನು ಸಂಬಂಧ?"

ಇಲ್ಲ ಅಂತ ಬರೆದೆ. ಅವರ ಗುಟ್ಟು ಕಾಪಾಡಿದೆ ಅಂತಲೇ ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ತಲೆ ಮಾತ್ರೆ ತಿನ್ನುವವರನ್ನು ಕರೆತಂದೆ ಅಂತ ಆ ಹೆಂಗಸರು ನನ್ನನ್ನು ನೋಡುವುದು ನನಗೆ ಬೇಕಿರಲಿಲ್ಲ. ಅದೂ ಇತ್ತು.

ಆ ವರ್ಷದ ಬೇಸಿಗೆ ಜೋರಾಗಿತ್ತು. ಬೆಳಿಗ್ಗೆ ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ ಒಂದು ಗಂಟೆ ನಡಿಗೆ. ಮಿಸ್ ಸೀರೆಯ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ಮಧ್ಯಾಹ್ನಕ್ಕೂ ಸಂಜೆಗೂ ಸಪ್ಪೆ ಸೋರೆಕಾಯಿ ನಾನೇ ಬೇಯಿಸಿ ಒಯ್ಯುತ್ತಿದ್ದೆ. ಒಂದು ಚಿಟಿಕೆ ಉಪ್ಪಿಗೆ ಅವರು ಎರಡು ಸಲ ಕೇಳಿದ್ದರು. ನಾನು ನಕ್ಕು, ಅವರ ಉಪ್ಪಿನ ಡಬ್ಬಿಯನ್ನೇ ಎತ್ತಿ ಮೇಲಿನ ಶೆಲ್ಫಿನಲ್ಲಿಟ್ಟೆ.

ಒಂಬತ್ತನೇ ದಿನ ಅವರಿಗೆ ಭೇದಿ ಶುರುವಾಯಿತು. ಒಳಗಿನ ಕಸ ಹೊರಗೆ ಹೋಗುತ್ತಿದೆ, ಒಳ್ಳೆಯದೇ ಅಂದೆ. ಹೀಗಂತ ಶಿಬಿರದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಎಲ್ಲೋ ಕೇಳಿದ್ದನ್ನು ಹೇಳಿದೆ. ಹತ್ತನೇ ದಿನ ಅವರ ಕೈ ಬೇರೆ ಥರ ನಡುಗುತ್ತಿತ್ತು. ಸೂಜಿ ಕೈಯಿಂದ ಜಾರಿ ಜಾರಿ ಬೀಳುತ್ತಿತ್ತು, ಕೊನೆಗೆ ದಾರ ಪೋಣಿಸಿಕೊಟ್ಟವಳು ನಾನು. ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಹನ್ನೊಂದನೇ ದಿನ ಒಂದು ಮದುವೆಯ ರೇಷ್ಮೆ ಬ್ಲೌಸ್ ಕತ್ತರಿಸುತ್ತಾ ಎರಡು ತೋಳನ್ನೂ ಬಲಗೈಗೇ ಆಗುವ ಹಾಗೆ ಕತ್ತರಿಸಿಬಿಟ್ಟರು. ಆಮೇಲೆ ಏನೋ ಹೇಳಲು ಬಂದರು, ಮಾತು ಒಂದಕ್ಕೊಂದು ಅಂಟಿಕೊಂಡು ಹೊರಬಂತು, ಕುಡಿದವರ ಮಾತಿನ ಹಾಗೆ.

ನನಗೆ ಭಯವಾಯಿತು. ಉಪ್ಪಿನ ಯೋಚನೆ ಬರಲೇ ಇಲ್ಲ. ಹಳೆಯ ಕಾಯಿಲೆ ತಿರುಗಿ ಬಂತು ಅಂದುಕೊಂಡೆ. ಗೊತ್ತಿದ್ದವಳು ನಾನೊಬ್ಬಳೇ. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನಾನು ಮನೆಗೆ ಬಂದು, ಮಗಳಿಗೆ ಜ್ವರ ಅಂತ ಅವರಿಗೆ ಫೋನ್ ಮಾಡಿ ಸುಳ್ಳು ಹೇಳಿದೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಅವರು ರಸ್ತೆಯಲ್ಲಿ ನಿಂತು ಸೀರೆ ಹಂಚುವುದನ್ನು, ನಾನು ಅವರ ಕೈ ಹಿಡಿದು ಎಳೆಯುವುದನ್ನು, ಜನ ನೋಡುವುದನ್ನು ಕಲ್ಪಿಸಿಕೊಂಡೇ ಹೆದರಿದ್ದೆ...

ಹದಿಮೂರನೇ ದಿನ ಸಂಜೆ ಕ್ಲಾಸಿನ ಹುಡುಗಿಯೊಬ್ಬಳು ಫೋನ್ ಮಾಡಿದಳು. ಮಿಸ್ ಬಚ್ಚಲಿನ ಬಾಗಿಲಲ್ಲಿ ಬಿದ್ದಿದ್ದಾರೆ, ಎಬ್ಬಿಸಿದರೂ ನಿಲ್ಲುತ್ತಿಲ್ಲ ಅಂದಳು. ಇಬ್ಬರೂ ಸೇರಿ ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಬಾಪೂಜಿ ನಗರದ ಹತ್ತಿರದ ಒಂದು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ಭುಜದ ಮೇಲಿತ್ತು. ನಾನು ಯಾರೆಂದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಅಲ್ಲಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಯಾವ ಮಾತ್ರೆ ತಗೊಳ್ತಾರೆ ಅಂತ ಮೊದಲು ಕೇಳಿದರು. ಈ ಸಲ ಹೇಳಿದೆ. ಊಟ ಏನು ಅಂತ ಕೇಳಿದರು. ಅದನ್ನೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

ರಕ್ತದಲ್ಲಿ ಲಿಥಿಯಂ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಏರಿತ್ತು. ಬಾಟಲಿಯಿಂದ ನರದೊಳಗೆ ಹನಿ ಹನಿಯಾಗಿ ಇಳಿಯುತ್ತಿದ್ದದ್ದು ಏನು ಅಂತ ಕೇಳಿದ್ದಕ್ಕೆ ನರ್ಸು, ಸಲೈನ್ ಅಮ್ಮ, ಉಪ್ಪು ನೀರು ಅಷ್ಟೇ ಅಂದಳು. ಅದೂ ಸಾಲದೆ ಎರಡು ಸಲ ಡಯಾಲಿಸಿಸ್ ಮಾಡಿದರು.

ಮಾರನೆಯ ದಿನ ಡಾಕ್ಟರಮ್ಮ ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಬಿಪಿ ಇರುವವರಿಗೆ ಉಪ್ಪು ಕಡಿಮೆ ಮಾಡಿ ಅಂತ ನಾವೇ ಹೇಳುತ್ತೇವೆ, ಆ ಮಾತು ತಪ್ಪಲ್ಲ. ಆದರೆ ಈ ಮಾತ್ರೆಯ ಲೆಕ್ಕವೇ ಬೇರೆ. ಊಟದ ಉಪ್ಪು ನಿಂತರೆ ಕಿಡ್ನಿಯು ಉಪ್ಪಿನ ಜೊತೆಗೆ ಇದನ್ನೂ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಔಷಧಿ ಮೈಯಲ್ಲೇ ಉಳಿದು ಉಳಿದು ವಿಷವಾಗುತ್ತದೆ. ಬೆವರು, ಭೇದಿ ಸೇರಿದರೆ ಇನ್ನೂ ಬೇಗ. ಇದನ್ನು ತೆಗೆದುಕೊಳ್ಳುವವರು ಉಪ್ಪು, ನೀರು ಎರಡನ್ನೂ ದಿನವೂ ಒಂದೇ ಹದದಲ್ಲಿ ಇಟ್ಟುಕೊಳ್ಳಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ರಕ್ತ ಪರೀಕ್ಷೆ ತಪ್ಪಿಸಬಾರದು. ಮೈಕೈ ನೋವಿಗೆ ಅಂಗಡಿಯಿಂದ ತಂದ ಮಾತ್ರೆಯನ್ನೂ ಕೇಳದೆ ನುಂಗಬಾರದು. ವಾಂತಿಯೋ ಭೇದಿಯೋ ಆದರೆ, ಕೈ ನಡುಕ ಜೋರಾದರೆ, ಅವತ್ತೇ ಬರಬೇಕು. ಅವತ್ತೇ, ಅಂತ ಎರಡು ಸಲ ಹೇಳಿದರು. ನನ್ನ ಎರಡು ದಿನದ ವಿಷಯ ಅವರಿಗೆ ಗೊತ್ತಿರಲಿಲ್ಲ.

ಐದನೇ ದಿನ ಮಿಸ್ ಎಲ್ಲರನ್ನೂ ಗುರುತಿಸುವಂತಾದರು. ಕೆಂಗೇರಿಯಿಂದ ಅವರ ತಂಗಿ ಬಂದಿದ್ದರು. ಡಾಕ್ಟರಮ್ಮ ಮಂಚದ ಪಕ್ಕ ನಿಂತು, ಯಾರ ಮಾತು ಕೇಳಿ ಉಪ್ಪು ಬಿಟ್ರಿ ಅಂತ ಕೇಳಿದರು. ತಂಗಿಯೂ ಅಕ್ಕನ ಮುಖವನ್ನೇ ನೋಡುತ್ತಿದ್ದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

"ನಾನೇ," ಅಂದರು ಮಿಸ್. ಆ ಎರಡಕ್ಷರ ಹೇಳಲು ಅವರಿಗೆ ತುಂಬ ಹೊತ್ತು ಹಿಡಿಯಿತು.

ನಾನು ಬಾಯಿ ಬಿಡಲಿಲ್ಲ. ತಂಗಿ ನನ್ನ ಕೈ ಹಿಡಿದು, ನೀವಿಲ್ಲದಿದ್ದರೆ ನಮ್ಮಕ್ಕ ಉಳೀತಿರಲಿಲ್ಲ ಅಂದರು. ಆಗಲೂ ಬಿಡಲಿಲ್ಲ.

ಜೀವ ಉಳಿಯಿತು. ಕೈ ಉಳಿಯಲಿಲ್ಲ. ವಿಷ ಇಳಿದರೂ ಅದು ಮಾಡಿದ ಗಾಯ ಕೆಲವರಲ್ಲಿ ಮಾಯುವುದಿಲ್ಲವಂತೆ. ಮಿಸ್ ಆ ಕೆಲವರಲ್ಲಿ ಒಬ್ಬರಾದರು. ನಡೆದರೆ ಗೋಡೆ ಹಿಡಿಯಬೇಕು. ಲೋಟ ಎತ್ತಿದರೆ ನೀರು ಚೆಲ್ಲುತ್ತಿತ್ತು. ಮಾತು ಮೊದಲಿನಂತೆ ಆಗಲೇ ಇಲ್ಲ. ಮಳೆಗಾಲ ಮುಗಿಯುವುದರೊಳಗೆ ಕ್ಲಾಸ್ ಮುಚ್ಚಿ, ಮಿಸ್ ತಂಗಿಯ ಮನೆಗೆ ಕೆಂಗೇರಿಗೆ ಹೋದರು. ಅವರ ಗಿರಾಕಿಗಳು ನನ್ನನ್ನು ಹುಡುಕಿಕೊಂಡು ಬಂದರು, ಮಿಸ್ ಹತ್ತಿರ ಕಲಿತವಳು ಅಂತ. ಬೇಡ ಅನ್ನಲಿಲ್ಲ. ಇವತ್ತು ನನ್ನದೊಂದು ಅಂಗಡಿ ಇದೆ, ಇಬ್ಬರು ಕೆಲಸಕ್ಕಿದ್ದಾರೆ. ಅಂಗಡಿ ಶುರುವಾದದ್ದು ಹೀಗೆ.

ಮೊದಲು ವಾರಕ್ಕೊಮ್ಮೆ ಕೆಂಗೇರಿಗೆ ಹೋಗುತ್ತಿದ್ದೆ. ಆಮೇಲೆ ಹಬ್ಬಕ್ಕೆ. ಆಮೇಲೆ ಫೋನು. ಹೋದಾಗಲೆಲ್ಲ ತಂಗಿ ನನ್ನನ್ನು ಹೊಗಳುತ್ತಿದ್ದರು, ಅದನ್ನು ಕೇಳಿಸಿಕೊಂಡು ಮಿಸ್ ಎದುರು ಕಾಫಿ ಕುಡಿಯುವುದು ನನ್ನಿಂದ ಆಗುತ್ತಿರಲಿಲ್ಲ.

ಲಾಕ್‌ಡೌನ್ ಎಲ್ಲ ಮುಗಿದ ಮೇಲೆ ಒಂದು ಭಾನುವಾರ, ಹೇಳಿಯೇ ಬರಬೇಕು ಅಂತ ನಿಶ್ಚಯ ಮಾಡಿಕೊಂಡು ಹೋದೆ. ಮಿಸ್ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ತುಂಬ ಇಳಿದುಹೋಗಿದ್ದರು. ತಂಗಿ ಒಳಗೆ ಅಡುಗೆ ಮಾಡುತ್ತಿದ್ದರು. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಫಾರಂನಲ್ಲಿ ಬೇಕಂತಲೇ ಇಲ್ಲ ಅಂತ ಬರೆದದ್ದು, ಯಾರು ಏನಂದುಕೊಳ್ಳುತ್ತಾರೋ ಅಂತ ಹೆದರಿದ್ದು, ಮಗಳಿಗೆ ಜ್ವರವೇ ಇಲ್ಲದಿದ್ದದ್ದು, ಆ ಎರಡು ದಿನ. ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು. ಮಧ್ಯೆ ಎಲ್ಲೂ ಅವರು ನನ್ನನ್ನು ತಡೆಯಲಿಲ್ಲ.

ಮುಗಿದ ಮೇಲೆ ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈ ನಡುಗುವುದು ನನ್ನ ನೆತ್ತಿಗೆ ತಿಳಿಯುತ್ತಿತ್ತು. ಆಮೇಲೆ ಏನೋ ಹೇಳಿದರು. ನಾಲ್ಕೈದು ಮಾತು. ಒಂದಕ್ಕೊಂದು ಕೂಡಿಕೊಂಡು ಬಂದವು, ನನಗೆ ಒಂದೂ ತಿಳಿಯಲಿಲ್ಲ. ಅವರ ಮಾತು ಪೂರ್ತಿ ಅರ್ಥವಾಗುತ್ತಿದ್ದದ್ದು ತಂಗಿಗೆ ಮಾತ್ರ, ಅವರು ಒಳಗಿದ್ದರು. ಮಿಸ್ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು. ಅವರ ನಾಲಿಗೆಯನ್ನು ಹಾಗೆ ಮಾಡಿದವಳು ನಾನು. ಇನ್ನೊಂದು ಸಲ ಹೇಳಿ ಮಿಸ್ ಅಂತ ಯಾವ ಬಾಯಲ್ಲಿ ಕೇಳಲಿ? ಅರ್ಥವಾದವಳ ಹಾಗೆ ತಲೆಯಾಡಿಸಿದೆ. ಅವರೂ ತಲೆಯಾಡಿಸಿ, ಕೈ ತೆಗೆದು, ರಸ್ತೆಯ ಕಡೆ ತಿರುಗಿದರು.

ಮುಂದಿನ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ತಂಗಿ ಫೋನ್ ಮಾಡಿದ್ದರು, ಹೋಗಿದ್ದೆ. ಆ ಭಾನುವಾರ ಅಕ್ಕ ನಿಮಗೇನಾದರೂ ಹೇಳಿದ್ದರಾ ಅಂತ ಕೇಳಬೇಕೆಂದುಕೊಂಡೆ. ಕೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಹಾಗೇ ಬಂದೆ.

ಈಗ ಅಂಗಡಿಗೆ ಬರುವ ಹೆಂಗಸರು ಅಳತೆ ಕೊಡುತ್ತಾ ಡಯಟ್ಟಿನ ಮಾತಾಡುತ್ತಾರೆ. ಉಪ್ಪು ಬಿಟ್ಟಿದೀನಿ, ಹೊಟ್ಟೆ ತೊಳೆಯೋಕೆ ಎಪ್ಸಮ್ ಸಾಲ್ಟ್ ಕುಡೀತಿದೀನಿ, ಕಡಿಮೆ ಸೋಡಿಯಂನ ಉಪ್ಪು ತಂದಿದೀನಿ ಅಂತಾರೆ. ನಾನು ಟೇಪು ಹಿಡಿದುಕೊಂಡೇ, ಯಾವ ಮಾತ್ರೆ ತಗೋತೀರ, ಕಿಡ್ನಿ ಸರಿ ಇದೆಯಾ, ಡಾಕ್ಟರನ್ನ ಕೇಳಿದ್ರಾ ಅಂತ ಕೇಳುತ್ತೇನೆ. ಬ್ಲೌಸ್ ಹೊಲಿಯೋಳಿಗೆ ಇದೆಲ್ಲ ಯಾಕೆ ಅನ್ನುವ ಹಾಗೆ ನೋಡುತ್ತಾರೆ. ಕೆಲವರು ಮಾತ್ರ ಸುತ್ತ ನೋಡಿ, ದನಿ ತಗ್ಗಿಸಿ, ಮಾತ್ರೆಯ ಹೆಸರು ಹೇಳುತ್ತಾರೆ.

ಮಿಸ್ ಹೇಳಿದ್ದೇನು ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಿತ್ತು ಕಣೇ ಅಂದಿರಬಹುದು. ಇದನ್ನ ಹೇಳೋಕೆ ಇಷ್ಟು ದಿನ ಯಾಕೆ ಬೇಕಾಯಿತು ಅಂದಿರಬಹುದು. ಊಟ ಮಾಡಿಕೊಂಡು ಹೋಗು ಅಂದಿರಲೂಬಹುದು... ಕೇಳೋಣವೆಂದರೆ ಈಗ ಅವರಿಲ್ಲ. ತಮ್ಮ ಮಾತು ನನಗೆ ತಲುಪಿತು ಅಂತ ಅವರು ನಂಬಿದ್ದರು. ಹಾಗೆ ನಂಬಿಕೊಂಡೇ ಹೋದರು.