ಅತ್ತೆಯ ಕೋಣೆಯ ಕಾರ್ಡ್‌ಲೆಸ್

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮ ಮನೆ. ಯಜಮಾನರು ದಿನಾ ಬಸ್ಸಿನಲ್ಲಿ ಕೆ.ಆರ್.ಎಸ್.ಗೆ ಕೆಲಸಕ್ಕೆ ಹೋಗುತ್ತಿದ್ದರು, ನಾನು ಸ್ಕೂಲಿಗೆ. ಮಂಡಿನೋವಿನ ಅತ್ತೆ ಮನೆಯಲ್ಲಿ ಒಬ್ಬರೇ. ಫೋನು ಬಡಿದುಕೊಂಡಾಗಲೆಲ್ಲ ಅವರು ಪಡಸಾಲೆಗೆ ಎದ್ದುಬರುವುದು ಬೇಡವೆಂದು ಮೈಸೂರಿನಿಂದ ಒಂದು ಕಾರ್ಡ್‌ಲೆಸ್ ತಂದೆವು. ಅದರ ಬೇಸಿನ ಪೆಟ್ಟಿಗೆ ಪಡಸಾಲೆಯಲ್ಲಿ, ಹ್ಯಾಂಡ್‌ಸೆಟ್ಟು ಹಿಂದಿನ ಕೋಣೆಯಲ್ಲಿ ಅತ್ತೆಯ ತಲೆದಿಂಬಿನ ಪಕ್ಕ.

ಬೆಳಿಗ್ಗೆ ಪೂರ್ತಿ ಚಾರ್ಜಾಗಿರುತ್ತಿದ್ದ ಹ್ಯಾಂಡ್‌ಸೆಟ್ಟು ನಾನು ಸ್ಕೂಲಿಂದ ಬರುವ ಹೊತ್ತಿಗೆ ಸತ್ತು ಬಿದ್ದಿರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಚಾರ್ಜಾಗುವ ತಗಡುಗಳನ್ನು ರಬ್ಬರಿನಿಂದ ಉಜ್ಜಿದೆ. ಬೇಸನ್ನು ಟೀವಿಯಿಂದ ದೂರ ಇಟ್ಟೆ. ಬ್ಯಾಟರಿಯನ್ನೇ ಬದಲಿಸಿದೆ. ಕೊನೆಗೆ ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯವನು ನಿಧಾನವಾಗಿ, "ಯಾರೋ ಆನ್ ಮಾಡಿ ಇಟ್ಕೊತಾ ಇದಾರೆ ಮೇಡಂ. ಗಂಟೆಗಟ್ಲೆ ಮಾತಾಡಿದ್ರೆ ಯಾವ ಬ್ಯಾಟರಿ ತಡೆಯುತ್ತೆ?" ಅಂದ. ಹತ್ತಿರದಲ್ಲಿ ಇಂಥದ್ದೇ ಸೆಟ್ಟು ಇನ್ನೊಬ್ಬರ ಮನೆಯಲ್ಲಿದ್ದರೆ ಒಂದರ ಮಾತು ಇನ್ನೊಂದರಲ್ಲಿ ಬರುವುದೂ ಉಂಟು ಎಂದು ಹೇಳಿ, ಬೇರೆ ಗಿರಾಕಿಯ ಕಡೆ ತಿರುಗಿದ. ನಮ್ಮ ಅತ್ತೆ ಯಾರ ಜೊತೆ ಗಂಟೆಗಟ್ಟಲೆ ಮಾತಾಡಬೇಕು? ಬೂಕನಕೆರೆಯ ಅಣ್ಣನಿಗೆ ಫೋನು ಮಾಡಿದರೂ ಎರಡು ಮಾತಿಗೆ ಇಟ್ಟುಬಿಡುವವರು. ಬಿಲ್ಲೂ ಏರಿರಲಿಲ್ಲ.

ಬೇಸಿಗೆ ರಜೆ ಶುರುವಾಯಿತು. ಮೊದಲನೇ ದಿನವೇ, ಊಟವಾದ ಮೇಲೆ ನೀರಿಡಲೆಂದು ಅತ್ತೆಯ ಕೋಣೆಗೆ ಹೋದೆ. ಕಿಟಕಿ ಮುಚ್ಚಿತ್ತು. ಅತ್ತೆ ಗೋಡೆಗೆ ಒರಗಿ ಹ್ಯಾಂಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡು ಕೂತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ. ಕಣ್ಣು ಬಾಗಿಲ ಕಡೆಗೇ ಇದ್ದರೂ ನನ್ನನ್ನು ನೋಡುತ್ತಿರಲಿಲ್ಲ.

"ಯಾರತ್ತೆ ಫೋನಲ್ಲಿ?"

"ಸುಮ್ಕಿರು. ಮಾತಾಡ್ತಾ ಅವ್ಳೆ."

ಕಿತ್ತುಕೊಂಡು ಕಿವಿಗಿಟ್ಟೆ. ನಂಬರು ಒತ್ತುವ ಮೊದಲು ಬರುತ್ತದಲ್ಲ, ಆ ಗುಂಯ್‌ಗುಡುವ ಡಯಲ್ ಟೋನು. ಇಡೋಣ ಅನ್ನುವಷ್ಟರಲ್ಲಿ ಅದರ ಅಡಿಯಿಂದ ಒಂದು ಹೆಣ್ಣು ದನಿ ಬಂತು, ಪಿಸುಮಾತಿಗಿಂತ ಸ್ವಲ್ಪ ಮೇಲೆ.

"ಅವ್ವಾ, ಉಂಡ್ಯಾ? ಕರೀ ಅಸ ಕರ ಆಕ್ತಾ? ನಿನ್ತಾವ ಫೋನಿಲ್ಲ ಅಂತ ಗೊತ್ತು ಕಣವ್ವ. ಆದ್ರೂ ಕೇಳ್ತೀನಿ."

ಮತ್ತೆ ಅದೇ ಗುಂಯ್. ಅತ್ತೆ ಮೆಲ್ಲಗೆ, "ಯಾವ್ದೋ ಸತ್ತ ಎಣ್ಮಗ. ದಿನಾ ಇದೇ ವೊತ್ಗೆ ಅವ್ರವ್ವನ್ನ ಕರೀತದೆ. ನಾನ್ ಕೂಗುದ್ರೆ ಕೇಳುಸಾಕಿಲ್ಲ. ಯಾರಾರ ಕೇಳುಸ್ಕಬೇಕಲ್ವಾ ಪಾಪ?" ಅಂದರು. ಬ್ಯಾಟರಿ ಎಲ್ಲಿ ಹೋಗುತ್ತಿತ್ತೆಂದು ಆಗ ಗೊತ್ತಾಯಿತು. ಆ ಕತ್ತಲ ಕೋಣೆಯಲ್ಲಿ ನಿಂತು ನಾನೂ ಒಂದು ಗಳಿಗೆ ಹಾಗೇ ನಂಬಿದೆ, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ದನಿ ಮತ್ತೆ ಬಂತು. "ಅವ್ವಾ, ಬೆಳುಗಿಂದ ಓಯ್ತಾನೆ ಅದೆ. ಸೀರೆಯೆಲ್ಲ ನೆಂದೋಯ್ತು. ಬಸ್ರಿಗೆ ರಕ್ತ ಓಗ್ತದಾ? ಅತ್ತೆಗ್ ಯೋಳುದ್ರೆ ಸುಮ್ಕೆ ಮನೀಕೊ ಅಂತಾರೆ. ಕಣ್ಣು ಕತ್ಲೆ ಬತ್ತಾ ಅದೆ ಕಣವ್ವ."

ಸತ್ತವರಿಗೆ ರಕ್ತ ಹೋಗುವುದಿಲ್ಲ. ಅಂಗಡಿಯವನ ಮಾತು ಥಟ್ಟನೆ ನೆನಪಾಯಿತು. "ಅತ್ತೆ, ಇದು ದೆವ್ವವಲ್ಲ. ಇಲ್ಲೇ ಯಾವುದೋ ಮನೆಯಲ್ಲಿ ಬದುಕಿರೋ ಹುಡುಗಿ" ಎಂದೆ. ನಮ್ಮ ಲೈನಿನ ಸದ್ದು ಅಡ್ಡ ಬರಬಾರದೆಂದು ಬೇಸಿನ ವೈರು ಕಿತ್ತುಹಾಕಿ, ಹ್ಯಾಂಡ್‌ಸೆಟ್ಟು ಹಿಡಿದು ಬೀದಿಗೆ ಇಳಿದೆ. ಅತ್ತೆ ಕೋಲೂರಿಕೊಂಡು ಹಿಂದೆಯೇ ಬಂದರು.

ಉರಿಬಿಸಿಲು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ, ಎಲ್ಲ ಬಾಗಿಲೂ ಮುಚ್ಚಿದ್ದವು. ನದಿಯ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಬರೀ ಗೊರಗೊರ. ವಾಪಸು ತಿರುಗಿ ದೇವಸ್ಥಾನದ ಕಡೆ ನಡೆದೆ, ದನಿ ಸ್ವಲ್ಪ ತಿಳಿಯಾಯಿತು. ಎಡಗಡೆಯ ಓಣಿಗೆ ಹೊರಳಿದಾಗ ಆ ಹುಡುಗಿ ಉಸಿರಾಡುವುದೂ ಕೇಳಿಸತೊಡಗಿತು. ಈಗ ಅವಳು ಮಾತಾಡುತ್ತಿರಲಿಲ್ಲ. "ಅವ್ವಾ, ಅವ್ವಾ" ಅಂತಷ್ಟೇ, ತಡೆತಡೆದು. ಹ್ಯಾಂಡ್‌ಸೆಟ್ಟಿನ ಕೆಂಪು ದೀಪ ಮಿನುಗಿ, ಬ್ಯಾಟರಿ ಮುಗಿಯಿತೆಂದು ಕೀಂಕೀಂ ಅನ್ನತೊಡಗಿತು. ಅದು ಆರಿಹೋದರೆ ಯಾವ ಬಾಗಿಲು ಅಂತ ತಟ್ಟುವುದು?

ಹಸಿರು ಬಾಗಿಲಿನ ಒಂದು ಮನೆಯ ಮುಂದೆ ಉಸಿರು ಪಕ್ಕದಲ್ಲೇ ಬಿಟ್ಟಷ್ಟು ಸ್ಪಷ್ಟವಾಯಿತು. ಆ ಮನೆಯ ಹೆಂಗಸು ನಮಗೆ ಗೊತ್ತಿದ್ದವರೇ. ಸೊಸೆಯನ್ನು ಬಾಣಂತನಕ್ಕೆ ನಾಗಮಂಗಲದ ಕಡೆಯ ತವರಿಗೆ ಕಳಿಸಿದ್ದೇವೆಂದು ಬೀದಿಗೆಲ್ಲ ಹೇಳಿದ್ದರು. ಬಾಗಿಲು ಬಡಿದೆ. ಆಕೆ ನಿದ್ದೆಗಣ್ಣಲ್ಲಿ ತೆಗೆದು, ಸೆರಗು ಸರಿಮಾಡಿಕೊಂಡರು.

"ನಿಮ್ಮ ಸೊಸೆ ಎಲ್ಲಿ?" ಎಂದೆ.

"ತವರ್ಮನೇಲವ್ಳಲ್ಲಾ ಟೀಚರಮ್ಮ. ಮನೇಲಿ ನಾನೊಬ್ಳೇಯ."

ಆ ಮಾತು ಎರಡು ಸಲ ಕೇಳಿಸಿತು. ಒಂದು ಆಕೆಯ ಬಾಯಿಂದ, ಇನ್ನೊಂದು ದೂರದಿಂದ ಬಂದ ಹಾಗೆ ನನ್ನ ಕೈಯೊಳಗಿನಿಂದ. ಮೂವರೂ ಹ್ಯಾಂಡ್‌ಸೆಟ್ಟನ್ನೇ ನೋಡುತ್ತ ನಿಂತೆವು. "ಅವ್ವಾ, ಯಾರೋ ಬಂದವ್ರೆ" ಎಂದಿತು ಅದು. ಆಮೇಲೆ ದೀಪ ಆರಿತು.

ಅತ್ತೆ ಆಕೆಯನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದರು. ಹುಡುಗಿ ಹಿಂದಿನ ಕೋಣೆಯಲ್ಲಿ, ರಾಗಿ ಚೀಲಗಳ ಪಕ್ಕ ಬಿದ್ದಿದ್ದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಹುಡುಗಿ ಉಳಿದಳು, ಮಗು ಉಳಿಯಲಿಲ್ಲ. ಬೀಗರ ನಡುವೆ ಜಗಳವಾಗಿ, ತವರಿಗೆ ಕಳಿಸಬಾರದೆಂದು ಅವಳನ್ನು ಮನೆಯೊಳಗೇ ಅಡಗಿಸಿಟ್ಟಿದ್ದರಂತೆ. ಮನೆಯವರು ಮಲಗಿದಾಗ ಅವರ ಕಾರ್ಡ್‌ಲೆಸ್ಸಿನ ಹ್ಯಾಂಡ್‌ಸೆಟ್ಟು ಎತ್ತಿಕೊಂಡು ಆ ಕೋಣೆಗೆ ಹೋಗಿ, ನಂಬರು ಒತ್ತದೆಯೇ ಅವ್ವನ ಜೊತೆ ಮಾತಾಡುತ್ತಿದ್ದಳಂತೆ.

ಮಾರನೆಯ ದಿನ ಅವಳ ತಾಯಿಗೆ ಹೇಳಿಕಳಿಸಿ, ಆಕೆ ಬರುವತನಕ ಅತ್ತೆಯೂ ನಾನೂ ಆಸ್ಪತ್ರೆಯಲ್ಲಿ ಹುಡುಗಿಯ ಹಾಸಿಗೆಯ ಪಕ್ಕ ಕೂತಿದ್ದೆವು. ನಮಗೆ ಹೇಗೆ ಗೊತ್ತಾಯಿತೆಂದು ಹುಡುಗಿ ಕೇಳಿದಳು. ಅತ್ತೆ ಎಲ್ಲವನ್ನೂ ಹೇಳಿದರು. ಹಸುವಿನ ವಿಷಯ ಕೇಳಿಸಿಕೊಂಡದ್ದನ್ನೂ ಹೇಳಿದರು. ಹುಡುಗಿ ದಿಂಬಿನಿಂದ ತಲೆ ಎತ್ತಿದಳು.

"ಇಷ್ಟ್ ದಿನಾನೂ ಕೇಳುಸ್ಕತಿದ್ರಾ? ಅಂಗಾರೆ ಯಾಕಜ್ಜಿ ಬರ್ನಿಲ್ಲ?"

ಅತ್ತೆ ಅವಳ ಕೈ ಹಿಡಿದುಕೊಂಡರು. "ನೀನು ಸತ್ತೋಗಿದ್ದೀಯ ಅನ್ಕಂಡಿದ್ದೆ ಕಣವ್ವ" ಎಂದರು.