ಆಯಿಯ ಬಿಳಿ ಗುಂಡು

ಮೊನ್ನೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗುಂಡು ಬಿತ್ತು. ಹುಡುಗರು ಆಡುವ ಗುಂಡು. ನಿಮ್ಮ ಕಡೆ ಗೋಲಿ ಎನ್ನಬಹುದು. ಇದು ಮಾತ್ರ ದೊಡ್ಡದು, ನಿಂಬೆಹಣ್ಣಿನ ಗಾತ್ರದ್ದು, ಹಳೆಯ ಹಲ್ಲಿನಂಥ ಮಾಸಲು ಬಿಳುಪು. ಮಗಳ ಕೈಯಿಂದ ಜಾರಿ ಕಲ್ಲುಹಾಸಿನ ಮೇಲೆ ಬಿದ್ದದ್ದು ಪುಟಿಯಲಿಲ್ಲ, ಉರುಳಲೂ ಇಲ್ಲ. ದಪ್ಪೆಂದು ಬಿದ್ದಲ್ಲೇ ಕೂತಿತು. ಆ ಸದ್ದಿಗೆ ನನ್ನ ಎದೆ ಧಸಕ್ಕೆಂದಿತು.

ನಾನು ಹುಟ್ಟಾ ಪುಕ್ಕಲು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎತ್ತುವ ಮೊದಲೇ ಯಾರು ಹೋಗಿರಬಹುದೆಂದು ಲೆಕ್ಕ ಹಾಕಿಬಿಡುತ್ತೇನೆ. ಕೂಸು ಸೀನಿದರೆ ಗಂಗಾವತಿಯ ದವಾಖಾನೆಗಳೆಲ್ಲ ಕಣ್ಣ ಮುಂದೆ ಸಾಲುಗಟ್ಟುತ್ತವೆ. ಮನೆಯವರು ನಗುತ್ತಾರೆ, ನೀವೂ ನಗಬಹುದು. ಆದರೆ ಈ ಸಲದ ಅಂಜಿಕೆಯನ್ನು ಪೂರ್ತಿ ಕೇಳಿ ಆಮೇಲೆ ನಗಿ.

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಕೊಪ್ಪಳದ ಕೋಟೆಯ ಬುಡದಲ್ಲಿ ಸಂಸಾರ ಮಾಡಿದವಳು. ಆ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳು ಆಡಿ ಬಿಟ್ಟ ಗುಂಡುಗಳನ್ನೆಲ್ಲ ಅವಳು ಒಂದು ಹಳೆಯ ಎಲೆಯಡಿಕೆ ಸಂಚಿಯಲ್ಲಿ ಕೂಡಿಹಾಕಿದ್ದಳು. ಮಧ್ಯಾಹ್ನ ನಮ್ಮನ್ನು ಸುಮ್ಮನೆ ಕೂಡಿಸಲು ಅದೇ ಅವಳ ಉಪಾಯ. ಕಣ್ಣು ಮುಚ್ಚಿಸಿ ಒಂದೊಂದನ್ನೇ ಕೈಗೆ ಕೊಡುವಳು. ಇದು ಯಾವುದರದ್ದು ಎಂದು ನಾವು ಹೇಳಬೇಕು.

“ಗಲ್ಲಕ್ಕ ಹಚ್ಚಿ ನೋಡವ್ವ. ಇನ್ನೂ ತಣ್ಣಗ ಐತೇನು? ಹಂಗಾರ ಕಲ್ಲರೆ ಇರಬೇಕು, ಗಾಜರೆ ಇರಬೇಕು. ಈಗ ಹಲ್ಲಿಗೆ ಬಡದು ನೋಡು.”

ಹಲ್ಲಿಗೆ ತಾಕಿಸಿದರೆ ಗಾಜು ಕಿಣ್ಣೆನ್ನುತ್ತಿತ್ತು. ಅದು ಸೋಡಾ ಅಂಗಡಿಯ ಚಾಚಾ ಒಡೆದ ಬಾಟಲಿಯಿಂದ ತೆಗೆದು ಕೊಟ್ಟದ್ದು. ನಾಲಿಗೆಗೆ ಅಂಟಿಕೊಂಡರೆ ಸುಟ್ಟ ಮಣ್ಣು. ಅಂಗೈಯಲ್ಲಿ ಉಜ್ಜಿದಾಗ ಬಳೆಗಾರರ ಮನೆಯ ವಾಸನೆ ಬಂದರೆ ಅರಗು, ಕೂದಲು ಕಮರಿದಂಥ ವಾಸನೆ ಬಂದರೆ ಕೊಂಬು. ನಾನು ಮಣ್ಣಿನದನ್ನು ನೆಕ್ಕುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಿದ್ದೆ. ಅದರ ರುಚಿ ಬೇರೆ, ಬಿಡಿ.

ಆ ಸಂಚಿಯೊಳಗೆ ಸೇರದ ಗುಂಡು ಒಂದೇ, ಈ ಬಿಳಿಯದು. ಅದರ ಜಾಗ ದೇವರ ಜಗಲಿ, ದೀಪದ ಪಕ್ಕ. ಮುತ್ಯಾ, ಅಂದರೆ ಆಯಿಯ ಗಂಡ, ಕೋಟೆಯ ಕೆಳಗಿನ ಹೊಲ ಹೊಡೆಯುವಾಗ ನೇಗಿಲಿಗೆ ಸಿಕ್ಕಿತ್ತಂತೆ. ಕೋಟೆಯೆಂದ ಮೇಲೆ ಆನೆ ಇದ್ದೇ ಇದ್ದವು, ಗುಂಡು ಬೆಳ್ಳಗಿತ್ತು, ಆದ್ದರಿಂದ ಅದು ಆನೆಯ ಹಲ್ಲಿನದೇ ಸೈ. ಯಾವನೋ ದೊರೆಯ ಮಗ ಆಡಿ ಕಳೆದುಕೊಂಡದ್ದು. ನಮ್ಮ ಮನೆಯಲ್ಲಿ ಕೂಸಿಗೆ ಒಸಡು ಬಾತು ಹಲ್ಲು ಬರುವ ಹೊತ್ತಿಗೆ ಆ ಗುಂಡನ್ನು ಬಾಯಿಗೆ ಹಿಡಿಯುತ್ತಿದ್ದರು. ಆನೆಯ ಹಲ್ಲು ಚೀಪಿದ ಕೂಸಿಗೆ ಗಟ್ಟಿ ಹಲ್ಲು ಬರುತ್ತವೆಂದು ನಂಬಿಕೆ.

ಒಮ್ಮೆ ನಾನು ಅದನ್ನೂ ಗಲ್ಲಕ್ಕೆ ಹಚ್ಚಿ ನೋಡುತ್ತೇನೆಂದು ಕೇಳಿದೆ.

“ದೇವರ ಮುಂದಿಂದು ಅದು. ಅದನ್ನ ಪರೀಕ್ಷಾ ಮಾಡತಾರೇನ ಹುಚ್ಚಿ?”

“ಇಷ್ಟು ಭಾರ ಯಾಕೈತಿ ಮತ್ತ?”

“ಆನಿ ಏನು ಹಗರ ಇರತೈತೇನು? ಅದರ ಹಲ್ಲೂ ಭಾರನ.”

ನೀವೇ ಹೇಳಿ, ಇದಕ್ಕೆ ಎದುರಾಡುವುದು ಹೇಗೆ? ನಮ್ಮಲ್ಲಿ ಆನೆಯ ಹಲ್ಲನ್ನು ಕೈಯಲ್ಲಿ ಹಿಡಿದು ನೋಡಿದವರು ಒಬ್ಬರೂ ಇರಲಿಲ್ಲ.

ಆಯಿ ಹೋದಳು, ಗುಂಡು ಗಂಗಾವತಿಯ ನನ್ನ ಮನೆಯ ದೇವರ ಜಗಲಿಗೆ ಬಂತು. ಈಗ ಮಗಳು ಸುಜಾತಾ ಕುಷ್ಟಗಿಯಿಂದ ಕೂಸನ್ನು ಕರೆದುಕೊಂಡು ಬಂದಿದ್ದಾಳೆ. ಕೂಸಿಗೆ ಒಸಡಿನ ನೋವು, ಒಂದೇ ಸಮನೆ ಅಳು. ಗುಂಡನ್ನು ನೆನಪಿಸಿ ಜಗಲಿಯಿಂದ ಇಳಿಸಿ ಕೊಟ್ಟವನು ನನ್ನ ತಮ್ಮ ಶಿವಪ್ಪ. ಅವನು ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾನೆ. ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಾನೆ. ಅಕ್ಷರ ತಲೆಗೆ ಹತ್ತಲಿಲ್ಲವೆಂದು ಸಣ್ಣವನಿದ್ದಾಗಲೇ ಸಾಲೆ ಬಿಟ್ಟವನು. ಇಂದಿಗೂ ಚಿಲ್ಲರೆ ಎಣಿಸಲು ನನ್ನ ಕೈಗೇ ಕೊಡುತ್ತಾನೆ. ಮನೆಮಂದಿ ಪ್ರೀತಿಯಿಂದಲೇ ಅವನನ್ನು ದಡ್ಡ ಶಿವ್ಯಾ ಎಂದು ಕರೆಯುತ್ತ ಬಂದರು, ಅವನೂ ಓಗೊಡುತ್ತ ಬಂದ.

ಈಗ ಆ ಸದ್ದಿಗೆ ಬರುತ್ತೇನೆ. ಹಲ್ಲಾಗಲಿ ಕೊಂಬಾಗಲಿ ಕಲ್ಲಿನ ಮೇಲೆ ಬಿದ್ದರೆ ಟಕ್ಕೆಂದು ಪುಟಿಯಬೇಕು. ಇದು ಹಸಿ ಮಣ್ಣಿನ ಮುದ್ದೆಯಂತೆ ಕೂತಿತ್ತು. ಎತ್ತಿ ನೋಡಿದೆ. ಬಿದ್ದ ಕಡೆ ತಗ್ಗಾಗಿತ್ತು, ಬಿಳಿ ಸಿಪ್ಪೆ ಎದ್ದು ಒಳಗೆ ಬೂದು ಬಣ್ಣ ಮಿನುಗುತ್ತಿತ್ತು. ದೇವರೇ ತಪ್ಪು ತಿಳಿಯಬೇಡ ಎಂದುಕೊಂಡು ಗಲ್ಲಕ್ಕೆ ಹಚ್ಚಿದೆ. ಕೊರೆಯುವಷ್ಟು ತಣ್ಣಗಿತ್ತು. ಪೇಪರಿನ ಅಂಚಿಗೆ ಎಳೆದೆ. ಪೆನ್ಸಿಲ್ಲಿನಿಂದ ಎಳೆದಂಥ ಗೆರೆ ಮೂಡಿತು. ಹೊಳೆಯ ಮೀನುಗಾರರು ಬಲೆಗೆ ಕಟ್ಟುವ ಗುಂಡಿನಿಂದ ಗೋಡೆಗೆ ಗೀಚಿದರೆ ಇಂಥದೇ ಗೆರೆ ಮೂಡುತ್ತದೆ. ಸೀಸ! ಕೋಟೆಯಿಂದ ಯಾರೋ ಯಾರನ್ನೋ ಕೊಲ್ಲಲು ಹಾರಿಸಿದ ಸೀಸದ ಗುಂಡು. ನಾವು ದಂತವೆಂದುಕೊಂಡ ಬಿಳುಪು ಮಣ್ಣಿನೊಳಗೆ ಅದಕ್ಕೆ ಹಿಡಿದ ಕಿಲುಬು.

“ಕೂಸು ಇದನ್ನ ಎಷ್ಟು ಚೀಪೈತಿ?” ಎಂದು ಸುಜಾತಾಳನ್ನು ಕೇಳಿದೆ.

“ನಿನ್ನಿಯಿಂದ ಬಿಟ್ಟೇ ಇಲ್ಲವ್ವ. ಬಾಯಿಗೆ ಹಿಡದ್ರ ಸುಮ್ಮನಾಗತೈತಿ,” ಎಂದಳು ಸುಜಾತಾ.

“ಸವಿ ಇರತೈತಲ್ಲ ಅದು!” ಎಂದು ಶಿವಪ್ಪ ನಕ್ಕ.

ಸೀಸದ ಕಿಲುಬು ಸಿಹಿ ಇರುತ್ತದೆಂದು ನಾನು ಎಲ್ಲೋ ಓದಿದ್ದೆ. ಕೂಸಿನ ಬಾಯಿಯನ್ನು ಸೆರಗಿನಿಂದ ಒರೆಸಿದೆ, ನೀರು ಹಾಕಿ ತೊಳೆದೆ, ಮತ್ತೆ ಒರೆಸಿದೆ. ಅದು ಅತ್ತಿತು, ಸುಜಾತಾಳೂ ಅತ್ತಳು.

ಮಕ್ಕಳ ಡಾಕ್ಟರು ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನನಗೆ ಊಟ ಸೇರಲಿಲ್ಲ. ಕೂಸು ಹೆಚ್ಚು ಮಲಗಿದರೆ ಭಯ, ಮಲಗದಿದ್ದರೆ ಭಯ. ಹೆಸರು ಹಿಡಿದು ಕರೆದಾಗ ತಿರುಗಿ ನೋಡುತ್ತದೋ ಇಲ್ಲವೋ ಎಂದು ದಿನವಿಡೀ ಕರೆದು ಕರೆದು ಅದಕ್ಕೂ ಬೇಸರ ತರಿಸಿದೆ. ಗುಂಡನ್ನು ಹೊಳೆಗೆ ಎಸೆಯೋಣವೆಂದರೆ ಮೀನಿನ ಗತಿ ಏನು ಎಂಬ ಅಂಜಿಕೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಅಟ್ಟದ ಮೂಲೆಗೆ ತಳ್ಳಿದೆ.

ಕಡೆಗೆ ಡಾಕ್ಟರು ಕರೆಸಿದರು. ಕೂಸಿನ ಚೀಲ ಹಿಡಿದುಕೊಂಡು ಶಿವಪ್ಪನೂ ಬಂದಿದ್ದ.

“ಗಾಬರಿ ಆಗಬ್ಯಾಡ್ರಿ, ಕೂಸಿಗೆ ಏನೂ ಆಗಿಲ್ಲ. ಒಂದು ದಿನದ್ದು, ಲಗೂ ನೋಡೀರಿ. ತಿಂಗಳುಗಟ್ಲೆ ಚೀಪಿದ್ರ ಮಾತು ಬ್ಯಾರೆ ಇತ್ತು. ಸೀಸ ಸಣ್ಣ ಮಕ್ಕಳ ತಲಿಗೆ ಹತ್ತತೈತ್ರಿ. ಆಮ್ಯಾಲೆ ಓದು, ಲೆಕ್ಕ ಏನೂ ನಿಲ್ಲಂಗಿಲ್ಲ.”

ಸುಜಾತಾ ಕೈಮುಗಿದಳು. ನಾನೂ ಮುಗಿದೆ. ಆದರೆ ಹಿಂದೆ ನಿಂತ ಶಿವಪ್ಪನ ಕಡೆ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಮನೆಗೆ ಬಂದ ಮೇಲೆ ಸುಜಾತಾ ಹಾಲು ಕುಡಿಸಲು ಒಳಗೆ ಹೋದಳು. ಶಿವಪ್ಪ ಕಟ್ಟೆಯ ಮೇಲೆ ಕೂತ.

“ಅಕ್ಕಾ, ನಾ ಎಷ್ಟು ದಿನ ಚೀಪಿದ್ನಿ ಅದನ್ನ?”

ಅದು ನನಗೆ ಚೆನ್ನಾಗಿ ಗೊತ್ತು, ಆಯಿ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ನಮ್ಮೊಳಗೆ ಹೆಚ್ಚು ಅತ್ತ ಕೂಸು ಅವನೇ. ಹಲ್ಲೆಲ್ಲ ಬಂದ ಮೇಲೂ ಅವನಿಗೆ ಅದು ಬೇಕಿತ್ತು, ನಾಲಿಗೆ ಹಚ್ಚಿಕೊಂಡೇ ಮಲಗುತ್ತಿದ್ದ. ಎಲ್ಲರಿಗಿಂತ ಹೆಚ್ಚು ಮುದ್ದು ಮಾಡಿದ್ದಕ್ಕೆ ಆಯಿ ಅದನ್ನು ಅವನಿಗೇ ಎಲ್ಲರಿಗಿಂತ ಹೆಚ್ಚು ಕೊಟ್ಟಿದ್ದಳು.

“ಭಾಳ ದಿನ,” ಎಂದೆ.

ಅವನು ಆಯಿಯನ್ನು ಬೈಯುತ್ತಾನೇನೋ, ಅತ್ತುಬಿಡುತ್ತಾನೇನೋ ಎಂದು ನನ್ನ ಜೀವ ಹೋಗಿ ಬಂತು. ಆ ವಯಸ್ಸಾದ ಮುಖವನ್ನು ನೋಡಲಾರದೆ ನೆಲ ನೋಡಿದೆ.

“ಹಂಗಾರ ನಾ ಹುಟ್ಟತಾ ದಡ್ಡ ಇದ್ದಿದ್ದಿಲ್ಲ. ಹೌದಲ್ಲಕ್ಕಾ?”

ಕತ್ತೆತ್ತಿದೆ. ಅವನ ಮುಖ ಅರಳಿತ್ತು. ಹೌದೋ ಅಲ್ಲವೋ, ಇಷ್ಟು ವರ್ಷದ ಮೇಲೆ ಯಾವ ಡಾಕ್ಟರೂ ಹೇಳಲಾರರು.

“ಇದ್ದಿದ್ದಿಲ್ಲ ಶಿವಪ್ಪಾ.”

ಅವನು ತಡೆಯಲಾರದೆ ಎದ್ದು ಒಳಗೆ ಓಡಿದ.

“ಸುಜಾತಾ, ಕೇಳಿದೇನು? ನಾ ಹುಟ್ಟತಾ ಶ್ಯಾಣ್ಯಾನ ಇದ್ನಂತ!”