ಪುಟ್ಟಲಕ್ಷ್ಮಿಯನ್ನು ಕೇಳಿದ ದಿನ

ಎರಡು ವರ್ಷದ ಹಿಂದೆ, ಗೌರಿ ಹಬ್ಬ ಮುಗಿದು ಮೂರನೆಯ ದಿನ. ಅರಕಲಗೂಡಿನ ಪಕ್ಕದ ನಮ್ಮೂರಲ್ಲಿ ಹೊಗೆಸೊಪ್ಪಿನ ಕೆಲಸ ಜೋರಾಗಿತ್ತು. ಏಳೆಂಟು ಹೆಂಗಸರು ಚಪ್ಪರದ ಕೆಳಗೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಆಗ ಮಂಜೇಗೌಡನ ಫೋನು ಬಂತು.

"ಜಯಕ್ಕ, ಈಗ್ಲೇ ಆಸನದ್ ಆಸ್ಪತ್ರೆಗೆ ಬಾ ಕಣಕ್ಕ. ಪುಟ್ಟಲಕ್ಷ್ಮಿ ಆಪರೇಷನ್ ನಿಂತೋಯ್ತು. ಡಾಕ್ಟ್ರು ನಿನ್ನೇ ಕೇಳ್ತಾವ್ರೆ."

ನನ್ನನ್ನು ಯಾಕಪ್ಪಾ ಕೇಳುತ್ತಾರೆ? ನಾನು ಓದಿದ್ದು ಏಳನೇ ಕ್ಲಾಸು. ಆಸ್ಪತ್ರೆ ವಾಸನೆ ಬಡಿದರೇ ತಲೆ ಸುತ್ತುತ್ತದೆ. ಆದರೆ ಪುಟ್ಟಲಕ್ಷ್ಮಿ ಅಂದಮೇಲೆ ಕೂತಿರಲು ಆಗಲಿಲ್ಲ. ಸೊಪ್ಪನ್ನು ಪಕ್ಕದವಳಿಗೆ ಒಪ್ಪಿಸಿ, ಕೈ ತೊಳೆದು ಬಸ್ ಹತ್ತಿದೆ.

ಪುಟ್ಟಲಕ್ಷ್ಮಿ ಮಂಜೇಗೌಡನ ತಂಗಿ. ಮೂವತ್ತೆರಡು ವರ್ಷ, ಮದುವೆಯಾಗಿಲ್ಲ. ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಬರುವುದಿಲ್ಲ. ಊರಲ್ಲಿ ಕೆಲವರು ಮೂಗಿ ಅನ್ನುತ್ತಾರೆ. ನನ್ನೆದುರು ಹಾಗಂದವರಿಗೆ ಗ್ರಹಚಾರ ಬಿಡಿಸಿದ್ದೇನೆ. ಹನ್ನೆರಡು ವರ್ಷ ನಾವಿಬ್ಬರೂ ಎದುರುಬದುರು ಕೂತು ಸೊಪ್ಪು ಕಟ್ಟಿದವರು. ನನಗೆ ಸುಮ್ಮನಿದ್ದು ಗೊತ್ತಿಲ್ಲ, ಅವಳಿಗೆ ಊರ ಸುದ್ದಿ ತಿಳಿಯದಿದ್ದರೆ ಸಮಾಧಾನವಿಲ್ಲ. ಒಂದು ಕಡ್ಡಿ ಮುಗಿದು ಇನ್ನೊಂದು ಎತ್ತಿಕೊಳ್ಳುವ ನಡುವೆ ಕೈ, ಹುಬ್ಬು, ತುಟಿಯಲ್ಲೇ ಮಾತಾಡಿ ಮಾಡಿ ನಮ್ಮದೇ ಒಂದು ಭಾಷೆ ಆಗಿಹೋಗಿತ್ತು. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಅನ್ನುವುದನ್ನೂ ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಆ ವರ್ಷ ಅವಳಿಗೆ ಮುಟ್ಟು ನಿಲ್ಲದೆ ಹೋಗಿ, ಮೈ ಬಿಳಿಚಿಕೊಂಡು, ಎರಡು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹಾಸನದ ಆಸ್ಪತ್ರೆಯಲ್ಲಿ ನೋಡಿ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದರು. ಗರ್ಭಕೋಶವನ್ನೇ ತೆಗೆಯುವುದು ಎಂದು ತೀರ್ಮಾನವಾಯಿತು. ಮಂಜೇಗೌಡ ಕೆಟ್ಟವನಲ್ಲ, ತಂಗಿಯನ್ನು ಒಂದು ದಿನ ಉಪವಾಸ ಕೆಡವಿದವನಲ್ಲ. ಆದರೆ ಅವಳಿಗೆ ಹೊಟ್ಟೆ ಮುಟ್ಟಿ ತೋರಿಸಿ, ಔಷಧಿ ಕುಡಿಯುವ ಹಾಗೆ ಕೈಸನ್ನೆ ಮಾಡಿ ಕರೆದುಕೊಂಡು ಹೋಗಿದ್ದ, ಅಷ್ಟೆ. ನನ್ನನ್ನು ಕೇಳಿದಾಗ ನಾನೂ ತೆಗೆಸಿಬಿಡು ಅಂದಿದ್ದೆ. ಮದುವೆಯಾಗದವಳಿಗೆ ಅದರಿಂದ ಏನಾಗಬೇಕು ಅನ್ನುವುದು ನನ್ನ ತಲೆಯಲ್ಲಿತ್ತು. ಸುಳ್ಳೇಕೆ ಹೇಳಲಿ.

ಆಸ್ಪತ್ರೆಯಲ್ಲಿ ನಡೆದದ್ದನ್ನು ನರ್ಸಮ್ಮ ಹೇಳಿದರು. ಆಪರೇಷನ್ನಿಗೆ ಅಣಿ ಮಾಡಲು ಹೋದಾಗ ಪುಟ್ಟಲಕ್ಷ್ಮಿ ಅವರ ಕೈ ತಳ್ಳಿ, ಮಂಚದ ಕಂಬಿ ಹಿಡಿದು ಕೂತುಬಿಟ್ಟಳಂತೆ. ಅಣ್ಣ ಓಡಿಬಂದು, ಅವಳಿಗೇನು ಗೊತ್ತಾಗುತ್ತದೆ, ನಾನು ಸಹಿ ಹಾಕಿದ್ದೇನಲ್ಲ ಎಂದನಂತೆ. ನರ್ಸಮ್ಮ ಒಪ್ಪಲಿಲ್ಲ. ಹೆರಿಗೆ ವಿಭಾಗದ ಡಾಕ್ಟರಮ್ಮನಿಗೆ ಹೇಳಿದರು. ಡಾಕ್ಟರಮ್ಮ ಆಪರೇಷನ್ ನಿಲ್ಲಿಸಿ ಒಂದು ಸಮಿತಿಯನ್ನು ಕರೆಸಿದರು.

ಇಂಥ ಸಮಿತಿ ಇರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು. ಯಾವ ಔಷಧಿ ಕೊಡಬೇಕು ಅನ್ನುವುದು ಡಾಕ್ಟರಿಗೆ ಗೊತ್ತಿರುತ್ತದೆ, ಆದರೆ ಕೊಡುವುದು ಸರಿಯೋ ತಪ್ಪೋ ಅಂತ ಕೆಲವು ಸಲ ಗಂಟು ಬೀಳುತ್ತದಂತೆ. ಡಯಾಲಿಸಿಸ್ ಸಾಕು, ಮನೆಗೆ ಕಳಿಸಿ ಅನ್ನುವ ಅಜ್ಜ, ಮಗುವಿಗೆ ಆಪರೇಷನ್ ಬೇಡ ಅನ್ನುವ ಅಪ್ಪ, ಎಚ್ಚರವಿಲ್ಲದೆ ಮಲಗಿರುವ ಹೆಂಡತಿ, ಹೀಗೆ ಯಾವ ವಾರ್ಡಿನಲ್ಲಿ ಗಂಟು ಬಿದ್ದರೂ ಇವರು ಬಂದು ಕೂತು ಬಿಡಿಸಲು ನೋಡುತ್ತಾರಂತೆ.

ಕೋಣೆಯಲ್ಲಿ ಐದಾರು ಜನ ಕೂತಿದ್ದರು. ಹಿರಿಯರು ತಲೆ ನೆರೆತ ಒಬ್ಬ ಡಾಕ್ಟರು. ಕಿವುಡ ಮಕ್ಕಳ ಶಾಲೆಯ ಟೀಚರನ್ನೂ ಕರೆಸಿದ್ದರು. ಪಾಪ, ಅವರು ಬಹಳ ಚಂದವಾಗಿ ಕೈಸನ್ನೆ ಮಾಡುತ್ತಿದ್ದರು. ಆದರೆ ಶಾಲೆಯ ಮುಖವನ್ನೇ ನೋಡದ ಪುಟ್ಟಲಕ್ಷ್ಮಿ ಅದೊಂದೂ ಅರ್ಥವಾಗದೆ ಪಿಳಿಪಿಳಿ ನೋಡುತ್ತಿದ್ದಳು. ಇವಳು ಹೆಚ್ಚು ಮಾತಾಡುವುದು ಯಾರ ಹತ್ತಿರ ಎಂದು ಹಿರಿಯ ಡಾಕ್ಟರು ಕೇಳಿದಾಗ ಮಂಜೇಗೌಡ ನನ್ನ ಹೆಸರು ಹೇಳಿದ್ದ. ನನ್ನನ್ನು ಕಂಡದ್ದೇ ಅವಳು ಬಂದು ತಬ್ಬಿಕೊಂಡಳು.

ಹಿರಿಯ ಡಾಕ್ಟರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಹೇಳಿದರು: "ಜಯಮ್ಮ, ನಾವು ಹೇಳಿದ್ದನ್ನ ಅವರಿಗೆ ಹೇಳಿ, ಅವರು ಹೇಳಿದ್ದನ್ನ ನಮಗೆ ಹೇಳಿ. ನಡುವೆ ನಿಮ್ಮ ಮಾತು ಒಂದೂ ಸೇರಬಾರದು."

ನನಗೆ ಇದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಹೇಳಿಲ್ಲ. ಎರಡು ಜನ ಮಾತಾಡುವ ಕಡೆ ಮೂರನೆಯವಳಾಗಿ ಬಾಯಿ ಹಾಕುವುದೇ ನನ್ನ ಜನ್ಮದ ಗುಣ. ಆದರೂ ಆಗಲಿ ಸಾ ಅಂದೆ.

ಡಾಕ್ಟರಮ್ಮ ಕಾಗದದ ಮೇಲೆ ಗರ್ಭಕೋಶದ ಚಿತ್ರ ಬರೆದರು. ಪುಟ್ಟಲಕ್ಷ್ಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ಸು ಕೊಟ್ಟಳು. ನನಗೂ ಅದು ಯಾವುದೋ ಹೂಜಿಯ ಹಾಗೆ ಕಂಡಿತು. ಬಸ್ಸಿನಲ್ಲಿ ವಾಂತಿ ಬರದಿರಲೆಂದು ಮೂಸಲು ತಂದಿದ್ದ ನಿಂಬೆಹಣ್ಣು ನನ್ನ ಬ್ಯಾಗಿನಲ್ಲಿತ್ತು, ಎಲೆಅಡಿಕೆ ಸಂಚಿಯೂ ಇತ್ತು. ಸಂಚಿ ಖಾಲಿ ಮಾಡಿ ನಿಂಬೆಹಣ್ಣನ್ನು ಒಳಗೆ ಹಾಕಿದೆ. ಅವಳ ಹೊಟ್ಟೆ ತೋರಿಸಿ ಸಂಚಿ ಇಲ್ಲಿದೆ ಅಂದೆ, ಒಳಗಿನ ಹಣ್ಣು ಮುಟ್ಟಿಸಿ ರಕ್ತ ಹೋಗುವುದು ಇದರಿಂದ ಅಂದೆ. ಅವಳ ಕಣ್ಣು ಅಗಲವಾಯಿತು. ಅಷ್ಟು ತಿಂಗಳಲ್ಲಿ ತನಗೆ ಏನಾಗಿದೆ ಅಂತ ಅವಳಿಗೆ ತಿಳಿದದ್ದು ಆ ಗಳಿಗೆಯಲ್ಲಿ.

ಡಾಕ್ಟರಮ್ಮ ಎರಡು ದಾರಿ ಹೇಳಿದರು. ಸಂಚಿಯ ಸಮೇತ ತೆಗೆದರೆ ಗಡ್ಡೆ ಮತ್ತೆ ಬರುವುದಿಲ್ಲ, ಆದರೆ ಮಕ್ಕಳಾಗುವುದಿಲ್ಲ. ಗಡ್ಡೆ ಮಾತ್ರ ತೆಗೆಯಬಹುದು, ಆದರೆ ರಕ್ತ ಹೆಚ್ಚು ಹೋಗಬಹುದು, ಮುಂದೆ ಇನ್ನೊಂದು ಗಡ್ಡೆ ಬಂದರೂ ಬರಬಹುದು. ಎಲ್ಲವನ್ನೂ ಸಂಚಿ, ಹಣ್ಣು ಹಿಡಿದು ತೋರಿಸಿದೆ. ತೊಟ್ಟಿಲು ತೂಗಿ, ಇಲ್ಲ ಎಂದು ಕೈ ಆಡಿಸಿದೆ. ಒಳಗೊಳಗೇ ಮಾತ್ರ ನನ್ನ ಮನಸ್ಸು ಪೂರ್ತಿ ತೆಗೆಸಿಕೊಳ್ಳೇ, ಬದುಕಿಕೋ ಎಂದು ಕೂಗುತ್ತಿತ್ತು. ಅದನ್ನೇ ಅವಳ ಉತ್ತರ ಅಂತ ಹೇಳಿಬಿಟ್ಟಿದ್ದರೆ ಆ ಕೋಣೆಯಲ್ಲಿ ಒಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಪುಟ್ಟಲಕ್ಷ್ಮಿ ನನ್ನ ಕೈಯಿಂದ ಸಂಚಿ ತೆಗೆದುಕೊಂಡಳು. ನಿಂಬೆಹಣ್ಣನ್ನು ಹೊರಗೆ ತೆಗೆದು ಡಾಕ್ಟರಮ್ಮನ ಮುಂದಿಟ್ಟಳು. ಖಾಲಿ ಸಂಚಿಯನ್ನು ಕಿಬ್ಬೊಟ್ಟೆಗೆ ಇಟ್ಟುಕೊಂಡು ಅದರ ಮೇಲೆ ಅಂಗೈ ಊರಿ ನನ್ನನ್ನು ನೋಡಿದಳು.

ನಮ್ಮ ಚಪ್ಪರದಲ್ಲಿ ಒಬ್ಬೊಬ್ಬರ ಮುಂದೆ ಒಂದೊಂದು ಸೊಪ್ಪಿನ ರಾಶಿ ಇರುತ್ತದೆ. ಯಾರಾದರೂ ತಪ್ಪಿ ಇನ್ನೊಬ್ಬರ ರಾಶಿಗೆ ಕೈ ಹಾಕಿದರೆ, ರಾಶಿಯವಳು ಬಾಯಿ ಬಿಡದೆ ಅದರ ಮೇಲೆ ಹೀಗೇ ಅಂಗೈ ಊರುತ್ತಾಳೆ. ಇದು ನಂದು, ಕೇಳದೆ ಮುಟ್ಟಬೇಡ ಅಂತ ಅರ್ಥ. ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.

ಹತ್ತು ವರ್ಷದ ಹಿಂದೆ ನನ್ನ ಗರ್ಭಕೋಶವನ್ನೂ ತೆಗೆದಿದ್ದರು. ಸಹಿ ಹಾಕಿದ್ದು ನನ್ನ ಯಜಮಾನರು. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿತ್ತು ಅಂತ ಇಷ್ಟು ಬಾಯಿ ಇರುವ ನನಗೂ ಹೊಳೆದಿರಲಿಲ್ಲ.

"ಗಡ್ಡೆ ತೆಗೀರಿ, ಸಂಚಿ ನಂದು, ಅದುನ್ನ ಮುಟ್ಬೇಡಿ ಅಂತಾವ್ಳೆ ಸಾ," ಅಂದೆ.

ಮಂಜೇಗೌಡ ಎದ್ದು ನಿಂತ. "ಜೀವ ಓದ್ರೆ ಯಾರು ಓಣೆ ಸಾ? ಅವ್ಳು ನಮ್ಮವ್ವನ ಕೈಯಿಂದ ನಾನ್ ಇಸ್ಕೊಂಡ ಕೂಸು," ಎಂದ. ಹೇಳುತ್ತಲೇ ಅತ್ತುಬಿಟ್ಟ. ಹಿರಿಯ ಡಾಕ್ಟರು ಅವನನ್ನು ಗದರಲಿಲ್ಲ. ಅದನ್ನೂ ಅವರಿಗೆ ಹೇಳಿ ಜಯಮ್ಮ ಎಂದರು. ರಕ್ತ ನಿಲ್ಲದೆ ಜೀವಕ್ಕೆ ಬಂದರೆ ಏನು ಮಾಡಬೇಕೆಂದು ಕೇಳಿ ಎಂದರು.

ಕೇಳಿದೆ. ಅವಳು ಸಂಚಿಯ ಬಾಯಿ ಬಿಚ್ಚಿದಳು, ಮುಚ್ಚಿದಳು, ಮತ್ತೆ ಬಿಚ್ಚಿದಳು. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಕೊನೆಗೆ ಕತ್ತಿನ ಮೇಲೆ ಬೆರಳು ಎಳೆದು, ಸಾಯುವ ಹಾಗಾದರೆ ಮಾತ್ರ ಎಂದು ಸಂಚಿಯನ್ನು ಡಾಕ್ಟರಮ್ಮನ ಕಡೆ ಚಾಚಿದಳು, ತಕ್ಷಣ ಹಿಂದಕ್ಕೆ ಎಳೆದುಕೊಂಡು ಮತ್ತೆ ಹೊಟ್ಟೆಗಿಟ್ಟುಕೊಂಡಳು. ಟೀಚರು ನನ್ನ ಸನ್ನೆಗಳನ್ನೆಲ್ಲ ಅಷ್ಟರಲ್ಲಿ ಕಲಿತಿದ್ದರು. ಅದೇ ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ತಾವೇ ಕೇಳಿದರು. ಉತ್ತರ ಒಂದಿಷ್ಟೂ ಬದಲಾಗಲಿಲ್ಲ.

ಅಣ್ಣ ಸಹಿ ಹಾಕಿದ್ದ ಕಾಗದವನ್ನು ಪಕ್ಕಕ್ಕಿಟ್ಟು ಹೊಸದು ತಂದರು. ಪುಟ್ಟಲಕ್ಷ್ಮಿ ಹೆಬ್ಬೆಟ್ಟು ಒತ್ತಿದಳು. ಅದರ ಕೆಳಗೆ, ಅವಳ ಮಾತನ್ನು ನಮಗೆ ತಿಳಿಸಿದವರು ಎಂದು ಬರೆದು ನನ್ನ ಸಹಿ ತೆಗೆದುಕೊಂಡರು. ನನ್ನ ಹೆಸರು ಮತದಾರರ ಪಟ್ಟಿ, ರೇಷನ್ ಕಾರ್ಡು ಬಿಟ್ಟು ಇನ್ನೊಂದು ಕಡೆ ಇದೆ ಅಂದರೆ ಅದು ಆ ಫೈಲಿನಲ್ಲಿ. ಇದನ್ನು ನಾನು ಊರಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಈಗ ನಾನು ಶುರು ಮಾಡಿದರೆ ಹೆಂಗಸರು ಎದ್ದು ಹೋಗುತ್ತಾರೆ.

ಗಡ್ಡೆ ಮಾತ್ರ ತೆಗೆಯಲು ಮೈಯಲ್ಲಿರುವ ರಕ್ತ ಸಾಲದೆಂದು ಅರಿವಳಿಕೆ ಡಾಕ್ಟರು ಹೇಳಿದ್ದರಿಂದ ಮೊದಲು ರಕ್ತ ಕೊಟ್ಟು, ಕೆಲವು ವಾರ ಬಿಟ್ಟು ಆಪರೇಷನ್ ಮಾಡಿದರು. ನಾನು ಹೊರಗೆ ಮಂಜೇಗೌಡನ ಪಕ್ಕ ಕೂತು ಇರುವ ದೇವರಿಗೆಲ್ಲ ಹರಕೆ ಹೊತ್ತೆ. ಡಾಕ್ಟರಮ್ಮ ಹೊರಗೆ ಬಂದವರು ನನ್ನನ್ನು ನೋಡಿ ನಕ್ಕು, ತಮ್ಮ ಹೊಟ್ಟೆಯ ಮೇಲೆ ಅಂಗೈ ಊರಿ ತೋರಿಸಿದರು. ಗಡ್ಡೆ ಮಾತ್ರ ತೆಗೆದಿದ್ದರು.

ಈ ವರ್ಷ ಹೊಳೆನರಸೀಪುರದ ಕಡೆಯಿಂದ ಪುಟ್ಟಲಕ್ಷ್ಮಿಗೆ ಒಂದು ಸಂಬಂಧ ಬಂತು. ಹಿಟ್ಟಿನ ಗಿರಣಿ ಇಟ್ಟಿರುವವನು, ಹೆಂಡತಿ ಇಲ್ಲ, ಒಳ್ಳೆಯ ಜನ. ಮಂಜೇಗೌಡ ಚಪ್ಪರಕ್ಕೆ ಬಂದು, ಅಕ್ಕ, ನೀನೇ ಒಂದು ಮಾತು ಕೇಳು ಎಂದ.

"ನಿನ್ ತಂಗಿ ಕಣ್ಲಾ, ನೀನೇ ಕೇಳು," ಅಂದೆ.

ಏಳೆಂಟು ಹೆಂಗಸರ ಎದುರು ಮಂಜೇಗೌಡ ನಾಚಿಕೆ ಬಿಟ್ಟು ಕೈಸನ್ನೆಗೆ ನಿಂತ. ಮೀಸೆ ತಿರುವಿದ, ಗಿರಣಿಯ ಚಕ್ರ ತಿರುಗಿಸಿದ, ಕತ್ತಿನ ಸುತ್ತ ತಾಳಿ ಕಟ್ಟಿ ತೋರಿಸಿದ. ಪುಟ್ಟಲಕ್ಷ್ಮಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ಆಮೇಲೆ ಅಣ್ಣನ ಫೋನಿನಲ್ಲಿದ್ದ ಗಂಡಿನ ಫೋಟೋವನ್ನು ನಿಧಾನವಾಗಿ ನೋಡಿ, ಬೇಡ ಎಂದು ತಲೆಯಾಡಿಸಿದಳು. ನನಗೆ ಆ ಗಂಡು ಬಹಳ ಹಿಡಿಸಿದ್ದ. ನಾನು ಮಾತಾಡಲಿಲ್ಲ. ಅಂದು ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತದ್ದರ ಬಗ್ಗೆ ನನಗೆ ಎಷ್ಟು ಹೆಮ್ಮೆ ಇದೆಯೋ, ಆಮೇಲೆ ಮಂಜೇಗೌಡ ಆಡಿದ ಮಾತಿನ ಬಗ್ಗೆಯೂ ಅಷ್ಟೇ ಇದೆ.

"ಬ್ಯಾಡ್ವಾ? ಸರಿ ಬುಡು," ಎಂದು ಅವನು ಫೋನನ್ನು ಜೇಬಿಗೆ ಹಾಕಿಕೊಂಡ.